ಮಳೆ ರಜೆ: ಆರರ ಮಗಳು, ಮೂರರ ಮಗ, ಮನೆಯೊಳಗೆ ಯಾವ ಆಟ?

ಕಾರ್ಕಳದ ಅಮ್ಮ:
ನಮ್ಮ ಕಡೆ ಮಳೆ ಬಿಡುವ ಲಕ್ಷಣವಿಲ್ಲ. ನಾಳೆ ಶಾಲೆ, ಅಂಗನವಾಡಿಗೆ ರಜೆ ಎಂದು ಜಿಲ್ಲಾಧಿಕಾರಿಗಳ ಆದೇಶ ಬಂದಿದೆ. ಅಂಗಳಕ್ಕೆ ಕಾಲಿಡುವಂತಿಲ್ಲ, ಜಗಲಿಯ ತುಂಬ ಒಣಗದ ಬಟ್ಟೆ. ತಿಂಡಿಯಾದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಚೆನ್ನಾಗಿಯೇ ಇರುತ್ತಾರೆ. ಆಮೇಲೆ ಅಕ್ಕ ಹಾವು ಏಣಿ ಹರಡಿಕೊಂಡಳೆಂದರೆ ತಮ್ಮ ಬಂದು ಅದರ ಮೇಲೆಯೇ ಕೂರುತ್ತಾನೆ. ಕಾಯಿಗಳೆಲ್ಲ ಚೆಲ್ಲಾಪಿಲ್ಲಿ, ಅವಳಿಗೆ ಅಳು, ಅವನಿಗೆ ನಗು. ಬೇರೆ ಕೋಣೆಗೆ ಎತ್ತಿಕೊಂಡು ಹೋದರೆ ಬಾಗಿಲು ಬಡಿಯುತ್ತಾನೆ. ಮೊಬೈಲ್ ಕೊಟ್ಟರೆ ಮನೆ ತಣ್ಣಗಾಗುತ್ತದೆ, ಆದರೆ ಕೊಡಲು ನನಗೆ ಮನಸ್ಸಿಲ್ಲ. ಕೆಲಸಕ್ಕೆ ನಾನೂ ರಜೆ ಹಾಕಿದ್ದೇನೆ, ಇಡೀ ದಿನ ಅವರಿಗೇ. ಇಬ್ಬರೂ ಸೇರಿ ಆಡುವಂಥದ್ದು ಏನಿದೆ? ಪೇಟೆಯಿಂದ ತರುವ ಆಟಿಕೆ ಬೇಡ.

ತೀರ್ಥಹಳ್ಳಿಯ ಅಜ್ಜಿ:
ನೋಡಮ್ಮ, ಇಬ್ಬರಿಗೂ ಸರಿಸಮವಾದ ಆಟ ಹುಡುಕಲು ಹೋಗಬೇಡ. ಆರರ ಮಗುವಿಗೆ ನಿಯಮ ಬೇಕು, ಮೂರರ ಮಗುವಿಗೆ ಕೈಗೊಂದು ಕೆಲಸ ಬೇಕು. ಚಿಕ್ಕವರನ್ನು ನಾವು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದೆವಲ್ಲ, ಹಾಗೆಯೇ ಮಾಡು. ಅವನು ಔಟಾಗುವುದಿಲ್ಲ, ಸೋಲುವುದಿಲ್ಲ, ಆದರೆ ಅವನ ಸರದಿ ತಪ್ಪಬಾರದು. ಆಟ ಶುರುವಾಗುವ ಮೊದಲೇ ಇದನ್ನು ಅಕ್ಕನ ಬಾಯಿಂದ ಹೇಳಿಸು. ತಾನೇ ಮಾಡಿದ ನಿಯಮವನ್ನು ಅವಳು ಕಾಪಾಡುತ್ತಾಳೆ.

ಬೆಳಿಗ್ಗೆ ಗೆರಟೆ, ಅಂದರೆ ತೆಂಗಿನ ಚಿಪ್ಪಿನ ಲಗೋರಿ ಆಡಿಸು. ಕೆಳಗೆ ಮೂರು ಗೆರಟೆ ಕವುಚಿ, ಅದರ ಮೇಲೆ ಎರಡು, ತುದಿಗೊಂದು. ಹಳೆಯ ಕಾಲುಚೀಲಗಳನ್ನು ಸುತ್ತಿ ಚೆಂಡು ಮಾಡು. ಕಟ್ಟುವುದು ಅಕ್ಕ, ಬೀಳಿಸುವುದು ತಮ್ಮ. ಬೀಳಿಸಬೇಕೆಂಬುದೇ ಆ ವಯಸ್ಸಿನ ಆಸೆ. ಅದಕ್ಕೆ ಆಟದೊಳಗೇ ಜಾಗ ಕೊಟ್ಟರೆ ಹಾವು ಏಣಿಯ ತಂಟೆಗೆ ಅವನು ಬರುವುದು ಕಡಿಮೆಯಾಗುತ್ತದೆ.

ಮಧ್ಯಾಹ್ನ ಅವನು ಮಲಗಿದ ಮೇಲೆ ಚೆನ್ನೆಮಣೆ. ಆಟಿ ತಿಂಗಳ ಮಳೆಯಲ್ಲಿ ನಿಮ್ಮ ಕಡೆಯವರು ಆಡುತ್ತ ಬಂದ ಆಟವೇ ಅದು. ಎರಡು ಸಾಲು, ಏಳೇಳು ಗುಳಿ, ಗುಳಿಗೆ ನಾಲ್ಕರಂತೆ 56 ಬೀಜ. ಮಣೆ ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ 14 ಸುತ್ತು ಬರೆ, ಹುಣಸೆ ಬೀಜ ಇಡು. ತನ್ನ ಸಾಲಿನ ಒಂದು ಗುಳಿ ಬರಿದು ಮಾಡಿ ಮುಂದಿನವಕ್ಕೆ ಒಂದೊಂದೇ ಹಾಕುತ್ತ ಹೋಗುವುದು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸುವುದು. ಆ ಗುಳಿ ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿದ್ದದ್ದು ಆಡಿದವರ ಪಾಲು, ಸರದಿ ಎದುರಿನವರಿಗೆ. ಊರಿಗೊಂದು ಕ್ರಮವಿದೆ, ಮಗುವಿಗೆ ಇಷ್ಟು ಸಾಕು. ನನ್ನ ಮೊಮ್ಮಗಳು ಮುಷ್ಟಿಯೊಳಗಿನ ಬೀಜವನ್ನು ಹೆಬ್ಬೆರಳಿನಿಂದ ಒಂದೊಂದಾಗಿ ತಳ್ಳುವಾಗ ತುಟಿ ಅಲುಗುತ್ತಿರುತ್ತದೆ. ಈಗೀಗ ಬೀಜ ಎತ್ತುವ ಮೊದಲೇ ಗುಳಿಗಳ ಮೇಲೆ ಕಣ್ಣಾಡಿಸಿ, "ಅಜ್ಜಿ, ಇದನ್ನು ಎತ್ತಿದರೆ ಅಲ್ಲಿಗೆ ಮುಗಿಯುತ್ತದೆ" ಎನ್ನುತ್ತಾಳೆ. ಆ ಹೊತ್ತಿನಲ್ಲಿ ನೀನು ಅಡುಗೆಮನೆಗೆ ಏಳಬೇಡ. ದೊಡ್ಡ ಮಗುವಿಗೂ ಅಮ್ಮ ಪೂರ್ತಿಯಾಗಿ ಸಿಗುವುದು ಆಗ ಮಾತ್ರ.

ಪುತ್ತೂರಿನ ನರ್ಸ್:
ಅಜ್ಜಿಯ ಮಾತಿಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಚೆನ್ನೆಮಣೆಗೆ ಪೂರ್ತಿ ಕೆಂಪಗಿರುವ ಮಂಜೊಟ್ಟಿ ಬೀಜ ಹಾಕುವವರಿದ್ದಾರೆ. ಕೆಂಪಿನ ಜೊತೆ ಕಪ್ಪು ಚುಕ್ಕೆಯಿರುವುದು ಗುಲಗಂಜಿ. ಅದನ್ನು ಮಕ್ಕಳಿರುವ ಮನೆಯಲ್ಲಿ ಇಡಲೇಬೇಡಿ. ಅದರೊಳಗೆ ಅಬ್ರಿನ್ ಎಂಬ ಕಡುವಿಷವಿದೆ; ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಹುಣಸೆ ಬೀಜಕ್ಕೆ ಆ ಭಯವಿಲ್ಲ, ಆದರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಮೂಗಿಗೂ ತುರುಕಿಕೊಳ್ಳುತ್ತಾರೆ. ಮೂಗಿಗೆ ಹೋದರೆ ಪಿನ್ನು, ಕಡ್ಡಿ ಹಾಕಿ ತೆಗೆಯಲು ನೋಡಬೇಡಿ, ನೇರ ವೈದ್ಯರ ಬಳಿ ಹೋಗಿ. ಆಟ ಮುಗಿದೊಡನೆ ಬೀಜಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಎಣಿಸುವ ಕೆಲಸ ಮಗಳಿಗೆ ಕೊಡಿ.

ಮೈಸೂರಿನ ಅಪ್ಪ:
ಸಂಜೆ ಯಜಮಾನರು ಬಂದ ಮೇಲೆ ಚೌಕಾಬಾರ ಆಡಿ. ಐದೈದರಂತೆ 25 ಮನೆ ಬರೆದರಾಯಿತು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳ ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿಕೊಳ್ಳಿ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಕಪ್ಪಾದರೆ ಬಾರ, ಎಂಟು. ಎಲ್ಲರ ಪರವಾಗಿ ಬೀಜ ಉರುಳಿಸುವುದು ಮಗನ ಕೆಲಸ, ನಿಮ್ಮ ತೊಡೆಯ ಮೇಲೆ ಕುಳಿತೇ ಉರುಳಿಸಲಿ. ನಮ್ಮ ಮನೆಯಲ್ಲಿ ಕಿರಿಯವನಿಗೆ ಈ ಹುದ್ದೆ ಸಿಕ್ಕಿದ ಮೇಲೆ ಮಣೆ ಕೆಡಿಸುವುದು ನಿಂತಿದೆ. ಕಾಯಿ ಕಡಿಯುವ ನಿಯಮವನ್ನು ಮೊದಲ ದಿನ ಕೈಬಿಡಿ. ಮನೆಯ ಬಾಗಿಲಿಗೆ ಬಂದ ಕಾಯಿಯನ್ನು ಅಪ್ಪನೇ ಕಡಿದರೆ ಆರರ ಮಗುವಿಗೆ ತಡೆದುಕೊಳ್ಳುವುದು ಕಷ್ಟ.

ಕಾರ್ಕಳದ ಅಮ್ಮ:
ಎಲ್ಲರಿಗೂ ಧನ್ಯವಾದ. ಚೆನ್ನೆಮಣೆ ಅತ್ತೆಯ ಊರಿನ ಮನೆಯಲ್ಲಿದೆ, ನಾಳೆಗೆ ಸೀಮೆಸುಣ್ಣವೇ ಸರಿ. ಅಜ್ಜಿ, ಗೆರಟೆಯ ಅಂಚು ಮಗನ ಕೈಗೆ ತಾಗೀತೇ?

ತೀರ್ಥಹಳ್ಳಿಯ ಅಜ್ಜಿ:
ತಾಗುತ್ತದೆ. ಇವತ್ತು ರಾತ್ರಿಯೇ ನಾರು ಹೆರೆದು, ಅಂಚನ್ನು ಬಟ್ಟೆ ಒಗೆಯುವ ಕಲ್ಲಿಗೆ ಚೆನ್ನಾಗಿ ತಿಕ್ಕಿಬಿಡು. ನಿನ್ನ ಅಂಗೈಯನ್ನು ಸುತ್ತ ಒಮ್ಮೆ ಆಡಿಸಿ ನೋಡಿ ಆಮೇಲೆ ಕೊಡು.