ಹೈಸ್ಕೂಲಿನ ರುಚಿಗಳು ಕಾಲೇಜಿಗೆ ಬಂದರೆ ಕಳೆದೇ ಹೋಗುತ್ತವೆಯೇ?

ಪ್ರಶ್ನೆ: ಶಿರಸಿಯಲ್ಲಿ ಹೈಸ್ಕೂಲು ಮುಗಿಸಿ ಧಾರವಾಡದಲ್ಲಿ ಓದುತ್ತಿದ್ದೇನೆ. ಮನೆಯಲ್ಲಿ ಅನ್ನ, ತಂಬುಳಿ, ಅಪ್ಪೆಹುಳಿ ಉಂಡು ಬೆಳೆದವನು. ಖಾನಾವಳಿಯ ಕಡಕ್ ರೊಟ್ಟಿ ಆರಂಭದಲ್ಲಿ ಗಂಟಲಿಗಿಳಿಯುತ್ತಿರಲಿಲ್ಲ. ಈಗ ರೊಟ್ಟಿ ಮುರಿದು ಎಣ್ಣೆಗಾಯಿಯಲ್ಲಿ ಅದ್ದಿ, ಶೇಂಗಾ ಚಟ್ನಿಗೆ ಮೊಸರು ಕಲಸಿಕೊಳ್ಳದಿದ್ದರೆ ಉಂಡಂತೆಯೇ ಅಲ್ಲ. ರಜೆಗೆ ಊರಿಗೆ ಹೋದರೆ ತಂಬುಳಿ ಸಪ್ಪೆ ಎನಿಸುತ್ತದೆ, ಆಯಿಗೆ ಬೇಸರವಾಗಿದೆ. ರಾತ್ರಿಯಿಡೀ ಯಕ್ಷಗಾನ ನೋಡುತ್ತಿದ್ದವನಿಗೆ ಈಗ ಹಿಂದೂಸ್ತಾನಿ ಗಾಯನದ ಹುಚ್ಚು. ಭಾಗವತರ ಪದ ಮರೆತೇಹೋದೀತೆಂದು ನಿಜಕ್ಕೂ ಭಯವಾಗುತ್ತದೆ.

ಉತ್ತರ 1: ನಾನು ವಿಜಯಪುರದವಳು, ಓದಿದ್ದು ಮಂಗಳೂರಿನಲ್ಲಿ. ಹಾಸ್ಟೆಲಿನ ಕುಚ್ಚಲಕ್ಕಿ ಅನ್ನ ಕಂಡರೆ ಎದ್ದು ಹೋಗುತ್ತಿದ್ದೆ. ಈಗ ತವರಿಗೂ ಅದೇ ಅಕ್ಕಿ ಒಯ್ಯುತ್ತೇನೆ. ರೊಟ್ಟಿಯನ್ನಂತೂ ಬಿಟ್ಟಿಲ್ಲ.

ಉತ್ತರ 2: ಒಂದೆಲಗದ ತಂಬುಳಿಯನ್ನು ಈ ಸಲ ನೀವೇ ಮಾಡಿ ಆಯಿಗೆ ಬಡಿಸಿ. ತುಪ್ಪದಲ್ಲಿ ಹುರಿಯುವ ಜೀರಿಗೆಯ ಜೊತೆ ಕಾಳುಮೆಣಸು ಸ್ವಲ್ಪ ಮುಂದಿರಲಿ.

ಉತ್ತರ 3: ಮಲ್ಲಿಕಾರ್ಜುನ ಮನ್ಸೂರರೂ ಬಾಲ್ಯದಲ್ಲಿ ನಾಟಕ ಕಂಪನಿಯಲ್ಲಿದ್ದು, ಮೊದಲು ಕರ್ನಾಟಕ ಸಂಗೀತ ಕಲಿತು, ಆಮೇಲೆ ಹಿಂದೂಸ್ತಾನಿಗೆ ಬಂದವರು. ಅವರು ಬಾಳಿದ ಊರಿನಲ್ಲಿದ್ದೀರಿ, ಧೈರ್ಯವಾಗಿ ಕೇಳಿ. ಬೇಸಿಗೆಯಲ್ಲಿ ಊರ ಕಡೆಯ ಮೇಳಗಳನ್ನೂ ತಪ್ಪಿಸಬೇಡಿ.