ಇಜಿಆರ್ ವಾಲ್ವ್ ಕೈ ಕೊಟ್ಟಿದೆ: ಹೊಸದು ಹಾಕಿಸಲಾ, ಬಿಚ್ಚಿ ತೊಳೆಸಲಾ?

ಕೇಳಿದವರು, ವಿಜಯಪುರ

ನನ್ನದು 2015ರ ಡೀಸೆಲ್ ಕಾರು, 1.3 ಲೀಟರ್ ಎಂಜಿನ್. 1 ಲಕ್ಷ 12 ಸಾವಿರ ಕಿಲೋಮೀಟರ್ ಓಡಿದೆ. ಹೋದ ವಾರ ಬಾಗಲಕೋಟೆಗೆ ಹೊರಟಿದ್ದೆ. ಕೊಲ್ಹಾರ ಸೇತುವೆ ಮೇಲೆ ಚೆಕ್ ಎಂಜಿನ್ ದೀಪ ಹತ್ತಿತು, ಪಿಕಪ್ ಸತ್ತೇ ಹೋಯಿತು. ಎಷ್ಟು ಒತ್ತಿದರೂ 60 ದಾಟಲಿಲ್ಲ. ಸೇತುವೆ ದಾಟಿ ನಿಲ್ಲಿಸಿ, ಕೀ ತೆಗೆದು ಮತ್ತೆ ಹಾಕಿದೆ, ಸರಿಹೋಯಿತು. ವಾಪಸ್ ಬರುವಾಗ ಮತ್ತೆ ಅದೇ ಕಥೆ. ಊರೊಳಗೆ ಎರಡನೇ, ಮೂರನೇ ಗೇರಿನಲ್ಲಿ ಜರ್ಕ್ ಹೊಡೆಯುತ್ತದೆ, ಹಿಂದೆ ಕರಿ ಹೊಗೆ. ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ‘ಇಜಿಆರ್ ವಾಲ್ವ್ ಹೋಗಿದೆ, ಹೊಸದಕ್ಕೆ 16 ಸಾವಿರ’ ಅಂದರು. ಎಂಜಿನ್ ಬಿಟ್ಟ ಹೊಗೆಯಲ್ಲಿ ಸ್ವಲ್ಪವನ್ನು ವಾಪಸ್ ಎಂಜಿನ್ನಿಗೇ ಕಳಿಸುವ ವಾಲ್ವಂತೆ ಅದು. ಅಲ್ಲೇ ಚಹಾ ಕುಡಿಯುತ್ತಿದ್ದ ಒಬ್ಬರು ‘ತಗಡು ಹಾಕಿ ಮುಚ್ಚಿಬಿಡ್ರಿ, 500 ರೂಪಾಯಿ ಕೆಲಸ’ ಅಂದರು. ಇದನ್ನು ಅನುಭವಿಸಿದವರು ಯಾರಾದರೂ ಇದ್ದರೆ ಹೇಳಿ.

ಜಮಖಂಡಿಯಿಂದ

ಮೊದಲು ಸ್ಕ್ಯಾನರ್ ತೋರಿಸಿದ ದೋಷದ ಕೋಡ್ ಯಾವುದು ಅಂತ ಕೇಳಿ ಬರೆದುಕೊಂಡು ಬನ್ನಿ ಸರ. ‘ಇಜಿಆರ್ ಹೋಗಿದೆ’ ಅನ್ನೋದು ಮಿಸ್ತ್ರಿ ಮಾತು, ಕೋಡ್ ಅಲ್ಲ. ಪಿ0401 ಬಂದರೆ ಹೊಗೆ ವಾಪಸ್ ಹೋಗೋದು ಕಡಿಮೆಯಾಗಿದೆ ಅಂತ. ಪಿ0402 ಬಂದರೆ ಜಾಸ್ತಿಯಾಗಿದೆ ಅಂತ. ಪಿ0403 ಆದರೆ ಕರೆಂಟಿನ ಕಡೆ ನೋಡಬೇಕು, ವೈರು, ಕನೆಕ್ಟರ್. ಮೂರಕ್ಕೂ ಒಂದೇ ಔಷಧಿ ಅಲ್ಲ. ಕರಿ ಹೊಗೆ, ಜರ್ಕ್ ಎರಡೂ ಇದೆ ಅಂದರೆ ವಾಲ್ವ್ ತೆರೆದೇ ನಿಂತುಕೊಂಡಿರಬೇಕು ಅನ್ನಿಸುತ್ತದೆ.

ಮುಧೋಳದಿಂದ

ನನಗೂ ಎರಡು ವರ್ಷದ ಹಿಂದೆ ಇದೇ ಆಗಿತ್ತು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ವಾಲ್ವ್ ಕೆಲಸ ಇಷ್ಟೇ. ಎಂಜಿನ್ ಸುಟ್ಟು ಬಿಟ್ಟ ಹೊಗೆಯಲ್ಲಿ ಸ್ವಲ್ಪ ಭಾಗವನ್ನು ಮತ್ತೆ ಗಾಳಿ ಎಳೆಯುವ ಕಡೆಗೇ ಕಳಿಸುವುದು. ಆ ಹೊಗೆಯಲ್ಲಿ ಆಮ್ಲಜನಕ ಕಡಿಮೆ, ಹಾಗಾಗಿ ಉರಿಯುವ ಬಿಸಿ ಇಳಿಯುತ್ತದೆ, ನೈಟ್ರೋಜನ್ ಆಕ್ಸೈಡ್ ಅನ್ನುವ ವಿಷದ ಗಾಳಿ ಕಡಿಮೆ ಹುಟ್ಟುತ್ತದೆ. ನಿಧಾನಕ್ಕೆ, ಅರ್ಧ ಆಕ್ಸಿಲೇಟರಿನಲ್ಲಿ ಹೋಗುವಾಗ ಇದು ಹೆಚ್ಚು ತೆರೆಯುತ್ತದೆ. ಪೂರ್ತಿ ಒತ್ತಿದಾಗ ಮುಚ್ಚಿಕೊಳ್ಳುತ್ತದೆ. ಹಾಗೆ ಮುಚ್ಚಲು ಬಾರದೆ ತೆರೆದೇ ಉಳಿದರೆ ಎಂಜಿನ್‌ಗೆ ಹೊಸ ಗಾಳಿ ಸಾಲುವುದಿಲ್ಲ. ಪಿಕಪ್ ಸಾಯುವುದು, ಕರಿ ಹೊಗೆ ಎಲ್ಲಾ ಅದರಿಂದಲೇ.

ನಮ್ಮ ಕಡೆ ಕಬ್ಬಿನ ಸೀಸನ್ ಬಂತೆಂದರೆ ಗೊತ್ತಲ್ವಾ, ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಮೂರನೇ ಗೇರಿನಲ್ಲಿ ತೆವಳುವುದೇ ಆಗುತ್ತದೆ. ನಾನು ನಾಲ್ಕು ತಿಂಗಳು ದಿನಾ ಹೀಗೇ ಓಡಿಸಿದೆ. ಹೊಗೆಯ ಮಸಿ ಒಂದು ಕಡೆಯಿಂದ, ಎಂಜಿನ್ನಿನ ಎಣ್ಣೆ ಆವಿ ಇನ್ನೊಂದು ಕಡೆಯಿಂದ ಬಂದು ಇನ್‌ಟೇಕ್ ಪೈಪಿನಲ್ಲಿ ಸೇರುತ್ತವೆ. ಎರಡೂ ಕೂಡಿ ಡಾಂಬರಾಗುತ್ತದೆ.

ವಾಲ್ವ್ ಬಿಚ್ಚಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಮೂರು ಬೋಲ್ಟು, ಒಂದು ಕನೆಕ್ಟರ್, ಅಷ್ಟೇ. ಒಂದು ಬೋಲ್ಟು ಮಾತ್ರ ಎಷ್ಟು ತಿರುವಿದರೂ ಬರಲಿಲ್ಲ. ಮಿಸ್ತ್ರಿ ತುಕ್ಕು ಬಿಡಿಸುವ ಎಣ್ಣೆ ಹಾಕಿ ಊಟಕ್ಕೆ ಹೋಗಿ ಬಂದ. ಹೊರತೆಗೆದು ನೋಡಿದರೆ ಹೆಬ್ಬೆರಳು ಹೋಗುವಷ್ಟು ತೂತಿನಲ್ಲಿ ಪೆನ್ಸಿಲ್ ಹೋಗುವಷ್ಟೇ ಜಾಗ ಉಳಿದಿತ್ತು. ಹಂಚಿನ ತಳದ ಕರಿಯ ಹಾಗೆ ಒಳಗೆಲ್ಲಾ ಪದರ ಕಟ್ಟಿತ್ತು. ವಾಲ್ವಿನ ಮುಚ್ಚಳ ಕೂರುವ ಅಂಚಿನಲ್ಲಿ ಜೋಳದ ಕಾಳಿನಷ್ಟು ಒಂದು ಗಟ್ಟಿ ಹರಳು ಸಿಕ್ಕಿಕೊಂಡಿತ್ತು. ಅದಕ್ಕೇ ಅದು ಪೂರ್ತಿ ಮುಚ್ಚುತ್ತಿರಲಿಲ್ಲ.

ಕಾರ್ಬ್ ಕ್ಲೀನರ್ ಸ್ಪ್ರೇ, ಹಳೆಯ ಹಲ್ಲುಜ್ಜುವ ಬ್ರಷ್, ಪ್ಲಾಸ್ಟಿಕ್ ಪಟ್ಟಿ, ಮುಕ್ಕಾಲು ಗಂಟೆ. ಮೋಟರ್ ಇರುವ ಭಾಗಕ್ಕೆ ಸ್ಪ್ರೇ ತಾಗಿಸಲಿಲ್ಲ. ಕೆಲವರು ಇಡೀ ವಾಲ್ವನ್ನೇ ಪೆಟ್ರೋಲಿನಲ್ಲಿ ಮುಳುಗಿಸಿಡುತ್ತಾರೆ, ಹಾಗೆ ಮಾಡಿದರೆ 16 ಸಾವಿರ ಖಂಡಿತ ಖರ್ಚಾಗುತ್ತದೆ. ಹೊಸ ಗ್ಯಾಸ್ಕೆಟ್ ಹಾಕಿಸಿ, ಹಳೆಯದು ಸೋರುತ್ತದೆ. ಆಮೇಲೆ ಸ್ಕ್ಯಾನರಿನಲ್ಲಿ ವಾಲ್ವ್ ಲರ್ನಿಂಗ್ ಮಾಡಿಸಬೇಕು. ಎಲ್ಲಿ ಪೂರ್ತಿ ಮುಚ್ಚಿದೆ ಅನ್ನುವುದು ಕಂಪ್ಯೂಟರಿಗೆ ಹೊಸದಾಗಿ ತಿಳಿಯಬೇಕಲ್ಲ. ನನಗೆ ಎಲ್ಲಾ ಸೇರಿ 2,100 ಆಯಿತು.

ಇನ್ನೊಂದು. ಮನೆಯಲ್ಲೇ ಮಾಡುತ್ತೇನೆ ಅಂತ ಎಂಜಿನ್ ಓಡುತ್ತಿರುವಾಗ ಗಾಳಿ ಪೈಪಿಗೆ ಸ್ಪ್ರೇ ಹೊಡೆಯಬೇಡಿ. ಡೀಸೆಲ್ ಎಂಜಿನ್ ಒಳಗೆ ಬಂದ ಉರಿಯುವ ವಸ್ತುವನ್ನೆಲ್ಲಾ ಸುಡುತ್ತದೆ, ಆರ್‌ಪಿಎಮ್ ಕೈಮೀರಿ ಏರಬಹುದು.

ಬೆಳಗಾವಿ, ಉದ್ಯಮಬಾಗದಿಂದ

ನಾನು ಗ್ಯಾರೇಜ್ ನಡೆಸುವವನು. ಮುಧೋಳದವರು ಹೇಳಿದ್ದು ಸರಿ, ಆದರೆ ಬಿಚ್ಚುವುದಕ್ಕೂ ಮುಂಚೆ ಮಾಡುವ ಒಂದು ಪರೀಕ್ಷೆ ಇದೆ. ಎಂಜಿನ್ ಐಡಲ್‌ನಲ್ಲಿ ಇಟ್ಟು ಸ್ಕ್ಯಾನರಿನಿಂದ ವಾಲ್ವ್ ತೆರೆಸಿ, ಎಂಜಿನ್ ಎಳೆಯುವ ಹೊಸ ಗಾಳಿ ಅಳೆಯುವ ಏರ್ ಫ್ಲೋ ಸೆನ್ಸರಿನ ಅಂಕಿ ನೋಡಿ. ಹೊಗೆ ಒಳಗೆ ಬಂದಷ್ಟೂ ಹೊಸ ಗಾಳಿ ಕಡಿಮೆಯಾಗಬೇಕು, ಅಂಕಿ ಇಳಿಯಬೇಕು. ಮುಚ್ಚಿದಾಗ ಏರಬೇಕು. ಇಳಿದು ಏರಿದರೆ ವಾಲ್ವ್ ಆಡುತ್ತಿದೆ ಅಂತ ಅರ್ಥ. ಆಗ ತಪ್ಪು ಬೇರೆ ಕಡೆ ಹುಡುಕಿ.

ಎಷ್ಟೋ ಗಾಡಿಗಳಲ್ಲಿ ಕಂಪ್ಯೂಟರ್ ಇಜಿಆರ್ ಹರಿವನ್ನು ಲೆಕ್ಕ ಹಾಕುವುದೇ ಈ ಏರ್ ಫ್ಲೋ ಸೆನ್ಸರ್ ನಂಬಿಕೊಂಡು. ಸೆನ್ಸರ್ ಕೊಳೆಯಾಗಿ ಸುಳ್ಳು ಹೇಳಿದರೆ ವಾಲ್ವ್ ಮೇಲೆ ಗೂಬೆ ಕೂರುತ್ತದೆ. ಆ ಸೆನ್ಸರಿಗೆ ಅದರದೇ ಕ್ಲೀನರ್ ಬರುತ್ತದೆ, ಕಾರ್ಬ್ ಕ್ಲೀನರ್ ಹೊಡೆಯಬೇಡಿ. ಹೋದ ಮಳೆಗಾಲದಲ್ಲಿ ಒಂದು ಗಾಡಿ ಬಂದಿತ್ತು. ಬೇರೆ ಕಡೆ ಹೊಸ ವಾಲ್ವ್ ಹಾಕಿಸಿದ್ದರು, ಮೂರೇ ದಿನಕ್ಕೆ ದೀಪ ಮತ್ತೆ ಹತ್ತಿತ್ತು. ಅದು ವ್ಯಾಕ್ಯೂಮ್‌ನಿಂದ ನಡೆಯುವ ಹಳೆಯ ಮಾದರಿಯ ವಾಲ್ವ್. ನೋಡಿದರೆ ಆ ವ್ಯಾಕ್ಯೂಮಿನ, ಬೆರಳಿಗಿಂತ ಸಣ್ಣ ರಬ್ಬರ್ ಪೈಪನ್ನು ಇಲಿ ಕಡಿದಿತ್ತು. ಪೈಪಿಗೆ 120 ರೂಪಾಯಿ. ಆ ಮನುಷ್ಯನ ಮುಖ ನೋಡಲಾಗಲಿಲ್ಲ.

ಅಥಣಿಯಿಂದ

ಅಷ್ಟೆಲ್ಲಾ ಯಾಕೆ, ನಾನು ತಗಡು ಹಾಕಿ ಮುಚ್ಚಿಸಿ ಮೂರು ವರ್ಷ ಆಯಿತು. ಪಿಕಪ್ ಚೆನ್ನಾಗಿದೆ, ಪಿಯುಸಿಯಲ್ಲೂ ಪಾಸಾಗುತ್ತದೆ.

ಬೆಳಗಾವಿ, ಉದ್ಯಮಬಾಗದಿಂದ

ಪಾಸಾಗುತ್ತದೆ ಸರ, ಯಾಕೆಂದರೆ ಡೀಸೆಲ್ ಪಿಯುಸಿಯಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಅನ್ನುವುದನ್ನು ಮಾತ್ರ. ಮುಚ್ಚಿದರೆ ಜಾಸ್ತಿಯಾಗುವುದು ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡ್. ಅದನ್ನು ಆ ಮಿಷನ್ ಅಳೆಯುವುದೇ ಇಲ್ಲ. ಆದರೆ ಕಾನೂನಿನಲ್ಲಿ ತಪ್ಪೇ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದ ಮೇಲೆ ಮಾಲಿನ್ಯದ ನಿಯಮ ಮುರಿದರೆ ದಂಡ 10 ಸಾವಿರದವರೆಗೆ ಹೋಗುತ್ತದೆ. ಮೊದಲು ನಾನೂ ತಗಡು ಹಾಕಿ ಕೊಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಈಗ ಬಿಟ್ಟಿದ್ದೇನೆ. ಅರ್ಧ ಗಾಡಿಗಳು ದೀಪ ಹತ್ತಿಸಿಕೊಂಡು ವಾಪಸ್ ಬರುತ್ತಿದ್ದವು. ಆಮೇಲೆ ದೀಪ ಆರಿಸಲು ಸಾಫ್ಟ್‌ವೇರ್ ತಿದ್ದಿಸಬೇಕು, ಅದಕ್ಕೆ ಇನ್ನಷ್ಟು ಸಾವಿರ. 500 ರೂಪಾಯಿ ಕೆಲಸ ಅನ್ನೋದು ಬಾಯಿಮಾತು.

ಬಾಗಲಕೋಟೆ, ನವನಗರದಿಂದ

ನಮ್ಮದು ಬಿಎಸ್6 ಅನ್ನುವ ಹೊಸ ಮಾಲಿನ್ಯ ನಿಯಮದ ಗಾಡಿ, ಅದಕ್ಕೆ ಒಂದೇ ಮಾತು ಸೇರಿಸುತ್ತೇನೆ. ಇಜಿಆರ್ ಕೆಟ್ಟಿದ್ದರೂ ‘ಓಡುತ್ತಿದೆಯಲ್ಲ’ ಅಂತ ಎರಡು ತಿಂಗಳು ಓಡಿಸಿದೆವು. ಎಂಜಿನ್ ಬಿಟ್ಟ ಮಸಿಯೆಲ್ಲಾ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನಲ್ಲಿ ತುಂಬಿತು. ವಾಲ್ವಿಗಿಂತ ಅದರ ಬಿಲ್ಲೇ ದೊಡ್ಡದಾಯಿತು. ಕೂಲೆಂಟ್ ಕೂಡ ನೋಡಿಕೊಳ್ಳಿ. ನೆಲದ ಮೇಲೆ ಹನಿ ಬೀಳದೆಯೇ ಡಬ್ಬಿಯಲ್ಲಿ ಕಡಿಮೆಯಾಗುತ್ತಿದ್ದರೆ, ಬಿಳಿ ಹೊಗೆ ಬರುತ್ತಿದ್ದರೆ, ವಾಪಸ್ ಹೋಗುವ ಹೊಗೆಯನ್ನು ತಣಿಸುವ ಇಜಿಆರ್ ಕೂಲರ್ ಒಳಗೇ ಸೋರುತ್ತಿರಬಹುದು. ವಾಲ್ವ್ ತೊಳೆದರೆ ಅದು ಹೋಗುವುದಿಲ್ಲ.

ಕೇಳಿದವರು, ಒಂಬತ್ತು ದಿನದ ಮೇಲೆ

ಎಲ್ಲರಿಗೂ ಥ್ಯಾಂಕ್ಸ್. ಕೋಡ್ ಪಿ0402 ಇತ್ತು. ಮೊದಲಿನ ಗ್ಯಾರೇಜಿನವರು ‘ತೊಳೆದು ಉಪಯೋಗ ಇಲ್ಲ’ ಅಂದರು, ಹಾಗಾಗಿ ಸಿಂದಗಿ ರಸ್ತೆಯ ಕಡೆ ಒಬ್ಬ ವಯಸ್ಸಾದ ಮಿಸ್ತ್ರಿ ಹತ್ತಿರ ಹೋದೆ. ಉದ್ಯಮಬಾಗದವರು ಹೇಳಿದ ಪರೀಕ್ಷೆ ಮಾಡಿಸಿದೆ. ವಾಲ್ವ್ ತೆರೆದರೂ ಮುಚ್ಚಿದರೂ ಗಾಳಿಯ ಅಂಕಿ ಅಲ್ಲಾಡಲೇ ಇಲ್ಲ. ಬಿಚ್ಚಿದರೆ ಮುಧೋಳದವರು ಬರೆದ ಹಾಗೇ ಡಾಂಬರು, ಮುಚ್ಚಳ ಅರ್ಧಕ್ಕೇ ಸಿಕ್ಕಿಬಿದ್ದಿತ್ತು. ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ, ಲರ್ನಿಂಗ್ ಮಾಡಿಸಿ 1,900 ತೆಗೆದುಕೊಂಡರು.

ನಿನ್ನೆ ಬಾಗಲಕೋಟೆಗೆ ಹೋಗಿ ಬಂದೆ. ಕೊಲ್ಹಾರ ಸೇತುವೆ ಮೇಲೆ ಬೇಕಂತಲೇ ನಾಲ್ಕನೇ ಗೇರಿನಲ್ಲಿ ಒತ್ತಿ ನೋಡಿದೆ, ಚೆನ್ನಾಗಿ ಎಳೆಯಿತು. ದೀಪ ಹತ್ತಿಲ್ಲ, ಹೊಗೆಯೂ ಇಲ್ಲ. ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮಾತ್ರ ಒಂದು ನಿಮಿಷ ಎಂಜಿನ್ ನಡುಗುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಮಿಸ್ತ್ರಿ ‘ಅದು ತಣ್ಣಗಿನ ಎಂಜಿನ್ ಒಳಗೆ ಬಿಸಿ ಮಾಡುವ ಗ್ಲೋ ಪ್ಲಗ್ ಇರಬೇಕು, ಬರುವ ವಾರ ನೋಡೋಣ’ ಅಂದಿದ್ದಾರೆ. ಅದರ ಕಥೆ ಆಮೇಲೆ ಬರೆಯುತ್ತೇನೆ.