ಮೋಟರ್‌ವೇಯಲ್ಲಿ 70ಕ್ಕೇ ನಿಂತರೆ ಉಳಿದವರಿಗೆ ಅಡ್ಡಿಯಾ?

ಸುಮಾ, ಲೆಸ್ಟರ್

ಎಲ್ಲರಿಗೂ ನಮಸ್ಕಾರ. ಕೆಲಸ ಬದಲಾದ ಮೇಲೆ ವಾರವಾರ ಎಂ1 ಮೋಟರ್‌ವೇ ಹಿಡಿದು ಲಂಡನ್ ಕಡೆ ಹೋಗಿಬರಬೇಕಾಗಿದೆ. ಗಂಟೆಗೆ 70 ಮೈಲಿ ಅಂತ ಮಿತಿ ಇದೆ, ನಾನು ಅಷ್ಟರಲ್ಲೇ ಹೋಗ್ತೀನಿ. ಎಡಗಡೆ ಲೇನ್‌ನಲ್ಲಿ ಲಾರಿಗಳು 56ರ ಹತ್ತಿರ ಸಾಲಾಗಿ ಹೋಗ್ತಿರುತ್ತವೆ. ಅವನ್ನು ದಾಟೋಕೆ ಮಧ್ಯದ ಲೇನ್‌ಗೆ ಬಂದೆ ಅಂದ್ರೆ ಸಾಕು, ಕನ್ನಡಿ ತುಂಬಾ ಹಿಂದಿನ ಕಾರಿನ ಮೂತಿ. ಡಿಪ್ಪರ್ ಹೊಡೀತಾರೆ. ಕೆಲವರು ದಾಟಿ ಹೋಗುವಾಗ ಕೈ ಬೀಸಿ ಬೈತಾರೆ. ಬಲಗಡೆ ಇನ್ನೊಂದು ಲೇನ್ ಖಾಲಿ ಇದ್ದರೂ ಹಾಗೇ.

ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು, "79ರವರೆಗೆ ಕ್ಯಾಮೆರಾ ಏನೂ ಮಾಡಲ್ಲ, ಅದೇ ನಿಜವಾದ ಮಿತಿ." ನಮ್ಮನೆಯವರು, "ಎಲ್ಲರ ಜೊತೆ ಹೋಗು, ನಿಧಾನಕ್ಕೆ ಹೋಗೋದೇ ಅಪಾಯ" ಅಂತಾರೆ.

ನನ್ನನ್ನು ಕಾಡ್ತಿರೋದು ಬೇರೆ. ರಸ್ತೆ ಕೆಲಸ ನಡೆಯೋ ಕಡೆ ಸರಾಸರಿ ವೇಗ ಅಳೆಯೋ ಕ್ಯಾಮೆರಾ ಹಾಕಿ 50 ಅಂತ ಬರೆದಿರ್ತಾರಲ್ಲ, ಅಲ್ಲಿ ಇದೇ ಜನ, ಇದೇ ಕಾರುಗಳು, ಮೈಲಿಗಟ್ಟಲೆ ಶಿಸ್ತಾಗಿ ಹೋಗ್ತಾರೆ. ಯಾರೂ ಯಾರ ಬೆನ್ನಿಗೂ ಬೀಳಲ್ಲ. ಕೆಲಸದ ಜಾಗ ಮುಗಿಯಿತು ಅನ್ನೋ ಫಲಕ ಕಂಡ ಕೂಡಲೇ ಮತ್ತೆ ಮೊದಲಿನ ಹಾಗೇ. ಅಂದ್ರೆ ಮಿತಿಯಲ್ಲಿ ಹೋಗೋಕೆ ಇವರಿಗೆ ಬರುತ್ತೆ. ಮತ್ತೆ ಯಾಕೆ ಹೀಗೆ? 79ರ ಮಾತು ನಿಜವಾ? ನಾನು 70ರಲ್ಲಿ ಹೋಗೋದು ನಿಜಕ್ಕೂ ಅಡ್ಡಿಯಾ?

ರವಿ ಕೆ.

79ರ ವಿಷಯ ಮೊದಲು ಹೇಳಿಬಿಡ್ತೀನಿ. ಕಾನೂನಿನ ಪ್ರಕಾರ 71 ಕೂಡ ಅಪರಾಧವೇ. ಪೊಲೀಸ್ ಮುಖ್ಯಸ್ಥರ ಮಂಡಳಿಯದ್ದು ಒಂದು ಮಾರ್ಗಸೂಚಿ ಇದೆ: ಮಿತಿಯ ಮೇಲೆ ಶೇ. 10, ಅದರ ಮೇಲೆ 2 ಮೈಲಿ. 70ಕ್ಕೆ ಲೆಕ್ಕ ಹಾಕಿದರೆ 79 ಬರುತ್ತೆ. ಆದರೆ ಅದು ಕ್ರಮ ಶುರುವಾಗೋ ಅಂಕಿ, ಮುಗಿಯೋ ಅಂಕಿ ಅಲ್ಲ. "79ರವರೆಗೆ ಏನೂ ಆಗಲ್ಲ" ಅನ್ನೋದು ಆ ಲೆಕ್ಕದಲ್ಲೇ ತಪ್ಪು. ಅದಕ್ಕಿಂತ ಕೆಳಗಿದ್ದರೂ ಕ್ರಮ ತಗೊಳ್ಳೋ ಅಧಿಕಾರ ಪೊಲೀಸರಿಗೆ ಇದ್ದೇ ಇದೆ.

ಸಿಕ್ಕಿಬಿದ್ದರೆ ಕನಿಷ್ಠ 100 ಪೌಂಡ್ ದಂಡ, ಲೈಸೆನ್ಸ್ ಮೇಲೆ 3 ದಂಡದ ಪಾಯಿಂಟ್. ಇಂಗ್ಲೆಂಡಿನಲ್ಲಿ 86ರವರೆಗೆ ಇದ್ದು, ಹಿಂದಿನ 3 ವರ್ಷದಲ್ಲಿ ವೇಗದ ಅರಿವಿನ ಕೋರ್ಸ್‌ಗೆ ಹೋಗಿಲ್ಲದಿದ್ದರೆ ಸಾಮಾನ್ಯವಾಗಿ ಆ ಕೋರ್ಸ್ ಕೊಡ್ತಾರೆ. ಕೋರ್ಟಿಗೆ ಹೋದರೆ ವಾರದ ಸಂಪಾದನೆ ನೋಡಿ ದಂಡ ಹಾಕ್ತಾರೆ, ಮೋಟರ್‌ವೇಯಲ್ಲಿ 2,500 ಪೌಂಡ್‌ವರೆಗೂ. ಹೊಸದಾಗಿ ಲೈಸೆನ್ಸ್ ಪಡೆದವರು ಮೊದಲ 2 ವರ್ಷದಲ್ಲಿ 6 ಪಾಯಿಂಟ್ ಆಗದ ಹಾಗೆ ನೋಡ್ಕೋಬೇಕು. ಹಾಗೇನಾದರೂ ಆದರೆ ಲೈಸೆನ್ಸೇ ರದ್ದು, ಥಿಯರಿ, ಡ್ರೈವಿಂಗ್ ಎರಡೂ ಪರೀಕ್ಷೆ ಮತ್ತೆ ಪಾಸಾಗಬೇಕು.

ಇನ್ನೊಂದು. ರಸ್ತೆಗೆ ಅಡ್ಡಲಾಗಿ ತಲೆ ಮೇಲೆ ಇರೋ ಗ್ಯಾಂಟ್ರಿಯ ಫಲಕದಲ್ಲಿ ಕೆಂಪು ವೃತ್ತದೊಳಗೆ 50 ಅಂತ ಬಂದರೆ ಆ ಹೊತ್ತಿಗೆ ಅದೇ ಮಿತಿ. ಅದು ಸಲಹೆ ಅಂದ್ಕೊಂಡು 70ರಲ್ಲಿ ಹೋಗೋರು ತುಂಬಾ ಜನ.

ಕಿರಣ್, ಮಿಲ್ಟನ್ ಕೀನ್ಸ್

ಸುಮಾ ಅವರೇ, ನಿಮ್ಮನೆಯವರ ಮಾತಿನಲ್ಲಿ ಹುರುಳಿದೆ. 70 ಅನ್ನೋ ಮಿತಿ ಬಂದಿದ್ದು 1965ರ ಡಿಸೆಂಬರ್‌ನಲ್ಲಿ, ಅದೂ ತಾತ್ಕಾಲಿಕ ಪ್ರಯೋಗ ಅಂತ. ಮಂಜಿನಲ್ಲಿ ಸಾಲುಸಾಲು ಅಪಘಾತಗಳಾಗಿದ್ದವು. 1967ರಲ್ಲಿ ಕಾಯಂ ಮಾಡಿದರು. 1959ರಲ್ಲಿ ಎಂ1 ತೆರೆದಾಗ ಮಿತಿಯೇ ಇರಲಿಲ್ಲ. ಆವತ್ತಿನ ಕಾರಿನ ಬ್ರೇಕು, ಟೈರು ಎಲ್ಲಿ, ಇವತ್ತಿನದು ಎಲ್ಲಿ? 2011ರಲ್ಲಿ ಸರ್ಕಾರವೇ 80 ಮಾಡೋ ಪ್ರಸ್ತಾಪ ಮುಂದಿಟ್ಟಿತ್ತು, ಆಮೇಲೆ ಕೈಬಿಟ್ಟಿತು. ಓಡಿದ ಮೈಲಿಗೆ ಹೋಲಿಸಿದರೆ ಈ ದೇಶದಲ್ಲಿ ಮೋಟರ್‌ವೇಗಳೇ ಎಲ್ಲಕ್ಕಿಂತ ಸುರಕ್ಷಿತ ರಸ್ತೆಗಳು. ಸಂಚಾರ ಸಲೀಸಾಗಿದ್ದಾಗ ಹೆಚ್ಚುಕಡಿಮೆ ಅರ್ಧದಷ್ಟು ಕಾರುಗಳು 70 ಮೀರುತ್ತವೆ ಅಂತ ಸರ್ಕಾರದ ಅಂಕಿಗಳೇ ಹೇಳ್ತವೆ. ಅಷ್ಟು ಜನ ಒಪ್ಪದ ಮಿತಿಯನ್ನ ಕ್ಯಾಮೆರಾ ಇಟ್ಟು ಹೇರಿದರೆ ಜನಕ್ಕೆ ಬೇರೆ ಮಿತಿಗಳ ಮೇಲಿನ ಗೌರವವೂ ಹೋಗುತ್ತೆ. ಒಣ ರಸ್ತೆ, ಖಾಲಿ ಲೇನ್, 78ರಲ್ಲಿ ಹೋಗೋನು ಅಪರಾಧಿ ಅಂತ ನನಗೆ ಅನಿಸಲ್ಲ. ನಿಮ್ಮ ಬೆನ್ನಿಗೆ ಅಂಟಿಕೊಂಡು ಬರ್ತಾನಲ್ಲ, ಅವನನ್ನು ಹಿಡೀಬೇಕು.

ಮಹದೇವಣ್ಣ

ಸುಮಾ ಅವರೇ, ನಾನು ಕೋಚ್ ಓಡಿಸೋನು. ನನ್ನ ಗಾಡಿಗೆ ವೇಗ ನಿಯಂತ್ರಕ ಹಾಕಿರ್ತಾರೆ, ಗಂಟೆಗೆ 100 ಕಿಲೋಮೀಟರ್, ಅಂದ್ರೆ 62 ಮೈಲಿ. ಅದರ ಮೇಲೆ ಎಷ್ಟು ತುಳಿದರೂ ಹೋಗಲ್ಲ. ಮೂರು ಲೇನ್ ಇರೋ ಕಡೆ ಬಲತುದಿಯ ಲೇನ್‌ಗೆ ನಮಗೆ ಪ್ರವೇಶವೂ ಇಲ್ಲ. ಹಾಗಾಗಿ ನನಗೆ ಯಾರ ಜೊತೆ ಪೈಪೋಟಿಯೂ ಇಲ್ಲ. ಎತ್ತರದ ಸೀಟಿನಲ್ಲಿ ಕೂತು ದಿನವಿಡೀ ಈ ಕಾರಿನವರನ್ನು ನೋಡೋದೇ ಆಗಿದೆ.

ನೀವು ಕೇಳಿದ ರಸ್ತೆ ಕೆಲಸದ ಜಾಗದ ವಿಷಯ ನನಗೆ ಬಹಳ ಮುಖ್ಯ ಅನಿಸ್ತು. ಒಂದೇ ಕಡೆ ನಿಂತಿರೋ ಕ್ಯಾಮೆರಾ ಇದ್ದರೆ ಏನಾಗುತ್ತೆ ನೋಡಿ. ಕಂಡ ತಕ್ಷಣ ಬ್ರೇಕು, ಅದರ ಹಿಂದಿನವನದ್ದೂ ಬ್ರೇಕು, ಕೆಂಪು ದೀಪಗಳ ಸಾಲು. ದಾಟಿದ ಮೇಲೆ ಮತ್ತೆ ತುಳೀತಾರೆ. ಪೊಲೀಸ್ ಕಾರು ಕಂಡರೂ ಅಷ್ಟೇ. ಸರಾಸರಿ ಕ್ಯಾಮೆರಾ ಹಾಗಲ್ಲ. ಒಂದು ಕಂಬದ ಹತ್ತಿರ ನಂಬರ್ ಪ್ಲೇಟ್ ಓದುತ್ತೆ, ಮುಂದಿನ ಕಂಬದ ಹತ್ತಿರ ಮತ್ತೆ ಓದುತ್ತೆ, ನಡುವಿನ ದೂರವನ್ನ ಹಿಡಿದ ಹೊತ್ತಿನಿಂದ ಭಾಗಿಸುತ್ತೆ. ಕಂಬದ ಮುಂದೆ ಬ್ರೇಕ್ ಒತ್ತಿ ಪ್ರಯೋಜನ ಇಲ್ಲ. ಆದ್ದರಿಂದ ಯಾರೂ ಒತ್ತಲ್ಲ.

ಆದರೆ ಜನ ಅಲ್ಲಿ ಶಾಂತವಾಗಿರೋದು ಬರೀ ದಂಡದ ಭಯಕ್ಕಲ್ಲ. ಪಕ್ಕದವನೂ 50, ಹಿಂದಿನವನೂ 50 ಅಂತ ಗೊತ್ತಿರುತ್ತೆ. ತಳ್ಳೋರು ಯಾರೂ ಇಲ್ಲ. ಆ ಜಾಗ ಮುಗಿದ ಮೇಲೆ ಮಿತಿ ಪಾಲಿಸೋನು ಒಂಟಿಯಾಗಿಬಿಡ್ತಾನೆ. ನೀವು ಮಧ್ಯದ ಲೇನ್‌ನಲ್ಲಿ ಅನುಭವಿಸ್ತಿರೋದು ಅದೇ. 70ರಲ್ಲಿ ಹೋಗಬೇಕು ಅನ್ನೋರು ಕಮ್ಮಿ ಏನಿಲ್ಲ, ಹಿಂದಿನವನ ದೀಪಕ್ಕೆ ಹೆದರಿ 76, 78 ಮಾಡ್ಕೊಂಡವರೇ ಜಾಸ್ತಿ. ಕ್ಯಾಮೆರಾ ದುಡ್ಡು ಕೀಳೋಕೆ ಅಂತ ಬೈತಾರಲ್ಲ, ನಾನು ಹೇಳೋದು, ಸರಿಯಾಗಿ ಹೋಗೋನಿಗೆ ಬೆನ್ನಿಗೆ ನಿಲ್ಲೋದು ಅದೊಂದೇ. ಬೇರೆ ಯಾರೂ ನಿಲ್ಲಲ್ಲ.

ಕಿರಣ್, ನಿನ್ನ ಮಾತಿಗೆ ಬರ್ತೀನಿ. ಕಾರು ಬದಲಾಗಿದೆ, ಒಪ್ಪಿದೆ. ಕಾಲು ಬದಲಾಗಿಲ್ಲಪ್ಪ. ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಪ್ರಕಾರ 70ರಲ್ಲಿ ನಿಲ್ಲೋಕೆ 96 ಮೀಟರ್ ಬೇಕು. ಅದರಲ್ಲಿ 21 ಮೀಟರ್ ಬ್ರೇಕ್ ಮೇಲೆ ಕಾಲಿಡೋ ಮೊದಲೇ ಹೋಗಿರುತ್ತೆ. ಅದೇ ಲೆಕ್ಕದಲ್ಲಿ 80ಕ್ಕೆ ಸುಮಾರು 122 ಮೀಟರ್. 26 ಮೀಟರ್ ತಾನೇ ಅನ್ಬಹುದು. 70ರ ಕಾರು ಪೂರ್ತಿ ನಿಂತ ಜಾಗದಲ್ಲಿ 80ರ ಕಾರು ಇನ್ನೂ 40 ಮೈಲಿಗಿಂತ ಹೆಚ್ಚಿನ ವೇಗದಲ್ಲಿ ಇರುತ್ತೆ. ಇಬ್ಬರೂ ಒಂದೇ ಕ್ಷಣಕ್ಕೆ ಅಪಾಯ ನೋಡಿದರೂ ಇಷ್ಟು ವ್ಯತ್ಯಾಸ, ಅದೂ ಒಣ ರಸ್ತೆಯಲ್ಲಿ. ಇವತ್ತಿನ ಬ್ರೇಕ್ ಒಳ್ಳೇದು ಅಂತ ಎರಡೂ ಅಂಕಿ ಕಮ್ಮಿ ಮಾಡ್ಕೋ, ನಡುವಿನ ಅಂತರ ಉಳಿದೇ ಉಳಿಯುತ್ತೆ. ಉಳಿತಾಯ ಎಷ್ಟು? 100 ಮೈಲಿಗೆ 70ರಲ್ಲಿ 86 ನಿಮಿಷ, 80ರಲ್ಲಿ 75. ಆ 11 ನಿಮಿಷ ಸಿಗಬೇಕಾದರೆ 100 ಮೈಲಿ ಪೂರ್ತಿ ಯಾರೂ ಅಡ್ಡ ಬರಬಾರದು. ಎಂ1ನಲ್ಲಿ ಅಂಥ ದಿನ ನಾನಂತೂ ಕಂಡಿಲ್ಲ.

ಗ್ಯಾಂಟ್ರಿ ಮೇಲಿನ 50ರ ವಿಷಯ ರವಿ ಹೇಳಿದ್ದಾರೆ. ಲಂಡನ್ ಸುತ್ತಿನ ಎಂ25 ಮೋಟರ್‌ವೇಯಲ್ಲಿ 1995ರಿಂದ ಇದು ಇದೆ. ಮುಂದೆಲ್ಲೋ ವಾಹನ ಒತ್ತೊತ್ತಾದಾಗ ಒಬ್ಬ ಜೋರಾಗಿ ಬ್ರೇಕ್ ಒತ್ತಿದರೆ ಆ ನಿಲ್ಲೋ ಅಲೆ ಹಿಂದಕ್ಕೆ ಸಾಗಿ ಬರುತ್ತೆ, ಮೈಲಿಗಳ ಹಿಂದೆ ಇರೋರು ಕಾರಣವೇ ಗೊತ್ತಿಲ್ಲದೆ ನಿಲ್ತಾರೆ. ಹಿಂದಿನವರನ್ನು ಮೊದಲೇ 50ಕ್ಕೆ ಇಳಿಸಿದರೆ ಅಲೆ ಬರೋ ಹೊತ್ತಿಗೆ ಕರಗಿರುತ್ತೆ. "50 ಅಂದ್ರು, ಮುಂದೆ ನೋಡಿದರೆ ಏನೂ ಇಲ್ಲ" ಅಂತ ನನ್ನ ಪ್ರಯಾಣಿಕರೂ ಗೊಣಗ್ತಾರೆ. ಎಷ್ಟೋ ಸಲ ಏನೂ ಇಲ್ಲದಿರೋದು ಆ 50ರಿಂದಲೇ. ಆದರೆ ದಾರಿ ಸರಿಯಾದ ಮೇಲೂ ಹಳೇ ಅಂಕಿ ತೆಗೆಯದೆ ಬಿಟ್ಟಿರ್ತಾರೆ, ಅದು ನನಗೂ ಸಿಟ್ಟು ತರಿಸುತ್ತೆ. ಅಂಥ ಒಂದು ಫಲಕ ನೋಡಿದವನು ಮುಂದಿನ ಹತ್ತನ್ನು ನಂಬಲ್ಲ.

ಇನ್ನು ನಿಮ್ಮ ಅಡ್ಡಿಯ ಪ್ರಶ್ನೆ. ಲಾರಿ ದಾಟಿದ ಮೇಲೆ ಎಡಕ್ಕೆ ವಾಪಸ್ ಬರ್ತೀರಲ್ಲ? ಬರೋದಾದರೆ ನೀವು ಯಾರಿಗೂ ಅಡ್ಡಿಯಲ್ಲ. ಎಡ ಖಾಲಿ ಇದ್ದೂ ಮಧ್ಯದಲ್ಲೇ ಕೂರೋದು ತಪ್ಪು, 2013ರಿಂದ ಅದಕ್ಕೂ ಸ್ಥಳದಲ್ಲೇ ದಂಡ ಹಾಕಬಹುದು. ಬೆನ್ನಿಗೆ ಅಂಟಿಕೊಂಡು ಬರೋರಿಗೂ ಅದೇ ದಂಡ. ಹಾಗಂತ ಎರಡು ಲಾರಿ ನಡುವಿನ ಸಣ್ಣ ಜಾಗಕ್ಕೆ ನುಗ್ಗಬೇಡಿ, ಸಾಲು ಪೂರ್ತಿ ದಾಟಿಯೇ ಬನ್ನಿ. ಹಿಂದಿನವನು ಕಾಯಲಿ. ಅವನು ಅಂಟಿಕೊಂಡಾಗ ವೇಗ ಹೆಚ್ಚಿಸಬೇಡಿ, ಪಾಠ ಕಲಿಸೋಕೆ ಬ್ರೇಕ್ ದೀಪವನ್ನೂ ತೋರಿಸಬೇಡಿ. ನಿಮ್ಮ ಮುಂದಿನ ಅಂತರ ಹೆಚ್ಚು ಮಾಡ್ಕೊಳ್ಳಿ. 70ರಲ್ಲಿ ಸೆಕೆಂಡಿಗೆ 31 ಮೀಟರ್ ಹೋಗ್ತೀರಿ, ಎರಡು ಸೆಕೆಂಡಿನ ಅಂತರ ಅಂದ್ರೆ 60 ಮೀಟರ್ ದಾಟಬೇಕು. ಹಿಂದೆ ಅಂಥವನಿದ್ದರೆ ಅದಕ್ಕಿಂತ ಜಾಸ್ತಿ ಇರಲಿ. ಮುಂದೆ ಏನಾದರೂ ಆದರೆ ನೀವು ಮೆಲ್ಲಗೆ ಬ್ರೇಕ್ ಒತ್ತಬಹುದು, ಅವನಿಗೂ ನಿಲ್ಲೋಕೆ ಹೊತ್ತು ಸಿಗುತ್ತೆ.

ಕಿರಣ್, ಮಿಲ್ಟನ್ ಕೀನ್ಸ್

ಅಣ್ಣಾ, ಆ 40 ಮೈಲಿ ಲೆಕ್ಕ ನಾನೂ ಕೂತು ಹಾಕಿ ನೋಡಿದೆ, ಸರಿಯಾಗೇ ಇದೆ. ಆದರೂ ರಾತ್ರಿ ಹೊತ್ತು, ಕೆಲಸದವರು ಒಬ್ಬರೂ ಇಲ್ಲದಿರುವಾಗ 50 ಯಾಕೆ ಅನ್ನೋದಕ್ಕೆ ಉತ್ತರ ಬೇಕು.

ಮಹದೇವಣ್ಣ

ಕೆಲಸದವರು ಇಲ್ಲದಿದ್ದರೂ ಲೇನ್ ಕಿರಿದಾಗಿರುತ್ತೆ, ಕೆಟ್ಟು ನಿಂತರೆ ಸರಿದುಕೊಳ್ಳೋಕೆ ಪಕ್ಕದ ಪಟ್ಟಿ ಇರಲ್ಲ. ಆ ಕಿರಿದಾದ ಲೇನ್‌ನಲ್ಲಿ ನನ್ನ ಕೋಚ್ ಪಕ್ಕ ಲಾರಿ ಬಂದರೆ ಎರಡು ಕನ್ನಡಿಗಳ ನಡುವೆ ಎಷ್ಟು ಜಾಗ ಉಳಿಯುತ್ತೆ ಅಂತ ಒಂದು ಸಲ ಮುಂದಿನ ಸೀಟಿನಲ್ಲಿ ಕೂತು ನೋಡು. ಆದರೆ ನೀನು ಹೇಳೋದರಲ್ಲೂ ನ್ಯಾಯ ಇದೆ. 2020ರಿಂದ ಸಾಧ್ಯವಿರೋ ಕಡೆ ರಸ್ತೆ ಕೆಲಸದ ಜಾಗಗಳಲ್ಲಿ 60 ಬಿಡೋಕೆ ಶುರುಮಾಡಿದ್ದಾರೆ. ಕಾರಣ ಇಲ್ಲದ ಮಿತಿ ತೆಗೆದಷ್ಟೂ ಕಾರಣ ಇರೋ ಮಿತಿಗೆ ಬೆಲೆ ಬರುತ್ತೆ.

ಸುಮಾ, ಲೆಸ್ಟರ್

ಎಲ್ಲರಿಗೂ ಧನ್ಯವಾದ. ಮಹದೇವಣ್ಣ, ಒಂಟಿಯಾಗಿಬಿಡ್ತಾನೆ ಅಂದ್ರಲ್ಲ, ನನಗೆ ಹೇಳೋಕೆ ಬರದೆ ಇದ್ದಿದ್ದು ಅದೇ. ನಮ್ಮನೆಯವರಿಗೂ ಓದಿ ಹೇಳಿದೆ. ಅವರು ಇನ್ನೊಂದು ಅನುಮಾನ ಎತ್ತಿದ್ದಾರೆ: ನಮ್ಮ ಕಾರಿನ ಮುಳ್ಳು 70 ತೋರಿಸುವಾಗ ಫೋನಿನ ಮ್ಯಾಪ್ 67 ತೋರಿಸುತ್ತೆ. ಯಾವುದನ್ನು ನಂಬೋದು?

ರವಿ ಕೆ.

ಕಾರಿನ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸೋ ಹಾಗಿಲ್ಲ ಅಂತ ನಿಯಮ, ಸ್ವಲ್ಪ ಹೆಚ್ಚು ತೋರಿಸಬಹುದು. ಅದಕ್ಕೇ ತಯಾರಕರು ಮುಳ್ಳನ್ನು ಮುಂದಕ್ಕೇ ಇಟ್ಟಿರ್ತಾರೆ. ನೇರ ರಸ್ತೆಯಲ್ಲಿ, ಒಂದೇ ವೇಗದಲ್ಲಿ ಹೋಗ್ತಿರುವಾಗ ಫೋನಿನ ಅಂಕಿ ನಿಜಕ್ಕೆ ಹತ್ತಿರ ಇರುತ್ತೆ. ಆದರೆ ಸುರಂಗದಲ್ಲಿ ಅದನ್ನು ನಂಬೋಕಾಗಲ್ಲ, ವೇಗ ಏರಿಳಿಯುವಾಗ ತಡವಾಗಿ ತೋರಿಸುತ್ತೆ. ಅಂದ್ರೆ ನಿಮ್ಮ ಕಾರಿನಲ್ಲಿ ಮುಳ್ಳು 72, 73ರಲ್ಲಿದ್ದರೂ ನೀವು 70ರ ಆಸುಪಾಸಿನಲ್ಲೇ ಇರ್ತೀರಿ. ಟೈರ್ ಹೊಸದು ಹಾಕಿಸಿದಾಗ ಈ ವ್ಯತ್ಯಾಸ ಸ್ವಲ್ಪ ಕಮ್ಮಿಯಾಗುತ್ತೆ, ಆಗ ಇನ್ನೊಂದು ಸಲ ಹೋಲಿಸಿ ನೋಡಿ. ಮ್ಯಾಪ್ ನೋಡೋ ಕೆಲಸ ಪಕ್ಕದಲ್ಲಿ ಕೂತವರಿಗೆ ಬಿಡಿ.